ನವಿಲೂರಿನ ಮಾತು ತಂದ ಬಳೆಗಾರ

ನಮ್ಮ ಅರಕೆರೆಯ ಜಗಲಿಯಲ್ಲಿ ಬಳೆಗಾರ ಮಲಾರ ಇಳಿಸಿದರೆ ಹೆಂಗಸರೆಲ್ಲ ಸುತ್ತ ಸೇರುತ್ತಿದ್ದರು. ಬೆರಳುಗಳನ್ನು ಮೆತ್ತಗೆ ಒತ್ತಿ ಹಿಡಿದು, ಗಾಜಿನ ಬಳೆ ಒಡೆಯದಂತೆ ಗೆಣ್ಣು ದಾಟಿಸುವಾಗ ಅವನ ಬಾಯಲ್ಲಿ ಊರೂರಿನ ಸುದ್ದಿ. ತವರಿಗೂ ಗಂಡನ ಮನೆಗೂ ಅವನೇ ಅಂಚೆ.

ಆ ಬಳೆಗಾರನಿಗೆ ಚೆನ್ನಯ್ಯ ಎಂದು ಹೆಸರಿಟ್ಟು ಕವಿತೆಯೊಳಗೆ ಕರೆತಂದವರು ಕೆ.ಎಸ್. ನರಸಿಂಹಸ್ವಾಮಿ. ಹುಟ್ಟಿದ್ದು 1915ರಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಅವರು ಬರೆಯತೊಡಗುವ ಹೊತ್ತಿಗೆ ಹೊಸ ಕವಿತೆಯ ಹಾದಿ ಹದವಾಗತೊಡಗಿತ್ತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮೂಲದ ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಹೊಸ ಲಯಗಳನ್ನು ಕನ್ನಡದ ನಾಲಗೆಗೆ ಒಗ್ಗಿಸಿದ್ದರು. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳು ನರಸಿಂಹಸ್ವಾಮಿಯವರ ಮನಸ್ಸು ಹಿಡಿದಿದ್ದವು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಹೊರಬಂತು.

ಪುಸ್ತಕದಲ್ಲಿರುವುದು ಬಿಡಿ ಕವಿತೆಗಳು. ಆದರೆ ಮಾವನ ಮನೆಗೆ ಬಂದ ರಾಯರು, ಒಳಗಿಲ್ಲದ ಪದುಮಳು, ತಾಯಿಯಿಲ್ಲದ ಶಾನುಭೋಗರ ಮಗಳು ಇವರೆಲ್ಲ ಒಂದೇ ಊರಿನ ಅಕ್ಕಪಕ್ಕದವರಂತೆ ಕಾಣುತ್ತಾರೆ. ಓದಿದವರ ಮನಸ್ಸು ತಾನಾಗಿಯೇ ಕತೆ ಹೆಣೆಯುತ್ತದೆ.

ಹೀಗೆ ಪದ್ಯಗಳಲ್ಲೇ ಕಾದಂಬರಿ ಮೂಡುವುದು ಬೇರೆಡೆಯೂ ಉಂಟು. ರಷ್ಯದ ಪುಷ್ಕಿನ್ ತನ್ನ ‘ಯೆವ್ಗೆನಿ ಒನೇಗಿನ್’ ಕೃತಿಯನ್ನು ಪದ್ಯರೂಪದ ಕಾದಂಬರಿ ಎಂದೇ ಕರೆದ. 1825ರಿಂದ ಬಿಡಿ ಅಧ್ಯಾಯಗಳಾಗಿ ಅಚ್ಚಾಗಿ, 1833ರಲ್ಲಿ ಇಡಿಯಾಗಿ ಬಂತು. ಒಂದೊಂದು ಪದ್ಯಕ್ಕೂ 14 ಸಾಲು. ಹಳ್ಳಿಯ ಹುಡುಗಿ ತತ್ಯಾನಾ ರಾತ್ರಿ ಕೂತು ಪ್ರೇಮಪತ್ರ ಬರೆದು, ಬೆಳಗಾದ ಮೇಲೆ ದಾದಿಯ ಮೊಮ್ಮಗನ ಕೈಲಿ ಕಳಿಸುತ್ತಾಳೆ. ಒನೇಗಿನ್ ಒಲ್ಲೆನ್ನುತ್ತಾನೆ. ವರ್ಷಗಳ ಮೇಲೆ ಅವನೇ ಬಂದು ಬೇಡಿಕೊಳ್ಳುವ ಹೊತ್ತಿಗೆ ಅವಳು ಬೇರೊಬ್ಬನ ಹೆಂಡತಿ. ಪ್ರೀತಿ ಇನ್ನೂ ಇದೆ ಎಂದು ಒಪ್ಪಿಕೊಂಡೇ ಅವನನ್ನು ಕಳಿಸಿಬಿಡುತ್ತಾಳೆ.

ಅಲ್ಲಿ ಪ್ರೀತಿಗೆ ಹೊತ್ತು ಮೀರಿತು. ಇಲ್ಲಿ ಪ್ರೀತಿ ಶುರುವಾಗುವುದೇ ಮದುವೆಯ ಮನೆಯಲ್ಲಿ. ಆದರೂ ಅಗಲಿಕೆ ಎರಡೂ ಕಡೆ ಒಂದೇ. ಅಲ್ಲಿ ಕಾಗದ ಮಾಡಿದ ಕೆಲಸವನ್ನು ಇಲ್ಲಿ ಚೆನ್ನಯ್ಯನ ಮಾತು ಮಾಡುತ್ತದೆ. ಹೆಂಡತಿಯಿಲ್ಲದ ಮನೆಯ ಬಾಗಿಲಿಗೆ ಅವನು ಬರುವುದು ಬಳೆ ಮಾರುವುದಕ್ಕಲ್ಲ, ನವಿಲೂರಿನ ತವರಲ್ಲಿರುವವಳ ಮನಸ್ಸನ್ನು ತಲುಪಿಸುವುದಕ್ಕೆ.

ಒನೇಗಿನ್ ಕತೆಯನ್ನು ಚೈಕೋವ್‌ಸ್ಕಿ ಸಂಗೀತನಾಟಕವಾಗಿಸಿದ; 1879ರಲ್ಲಿ ಅದು ರಂಗಕ್ಕೆ ಬಂತು. ನಮ್ಮ ಬಿಡಿ ಹೂಗಳನ್ನು ಟಿ.ಎಸ್. ನಾಗಾಭರಣ 1992ರಲ್ಲಿ ತೆರೆಕಂಡ ಚಿತ್ರದಲ್ಲಿ ಒಂದೇ ದಂಡೆಯಾಗಿ ಕಟ್ಟಿದರು, ಸಂಗೀತ ಸಿ. ಅಶ್ವತ್ಥರದು. ಅದರ ಗೀತೆಗಳಿಗಾಗಿ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೂ ಎಷ್ಟೋ ಮೊದಲೇ ಮನೆಮನೆಯಲ್ಲಿ ಹಾಡಿದ ಹೆಣ್ಣುಮಕ್ಕಳು ಈ ಕಾದಂಬರಿಯನ್ನು ತಮ್ಮೊಳಗೆ ಕಟ್ಟಿಕೊಂಡಿದ್ದರು.

ನಮ್ಮ ಬೀದಿಯಲ್ಲಿ ಈಗ ಮಲಾರ ಹೊತ್ತವರು ಅಪರೂಪ. ಆದರೆ ಮಗಳನ್ನು ಕೊಟ್ಟ ಮನೆಯ ಸುದ್ದಿಗೆ ಕಾಯುವ ತಾಯಿ ಇರುವ ತನಕ ಚೆನ್ನಯ್ಯನಿಗೆ ಬಾಗಿಲು ತೆರೆದೇ ಇರುತ್ತದೆ.