ಕೊಳ್ಳದಿದ್ದರೂ ಖುಷಿ ಕೊಡುವ ಕಾರ್ಟ್! ಆನ್‌ಲೈನ್ ಬಟ್ಟೆ ಶಾಪಿಂಗ್ ಮನಸ್ಸಿಗೆ ಅಷ್ಟೊಂದು ಹಿಡಿಸೋದು ಯಾಕೆ?

ರಾತ್ರಿ ಊಟ ಮುಗಿದಿರುತ್ತದೆ, ನಿದ್ದೆ ಇನ್ನೂ ಬಂದಿರುವುದಿಲ್ಲ. ಸುಮ್ಮನೆ ಒಂದೆರಡು ಕುರ್ತಾ ನೋಡೋಣ ಅಂತ ಆ್ಯಪ್ ತೆರೆದರೆ ಮುಕ್ಕಾಲು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಏಳೆಂಟು ಬಟ್ಟೆ ಕಾರ್ಟ್‌ಗೆ ಬಿದ್ದಿರುತ್ತವೆ. ಎಷ್ಟೋ ಸಲ ಒಂದನ್ನೂ ಕೊಳ್ಳದೆ ಮಲಗುತ್ತೇವೆ. ಆದರೂ ಮನಸ್ಸು ಹಗುರ!

ಮನೆಯ ಹಿರಿಯರು ಇದನ್ನು ದುಂದುವೆಚ್ಚ ಅನ್ನಬಹುದು. ಆದರೆ ದುಡ್ಡು ಖರ್ಚಾಗುವ ಮೊದಲೇ ಸಿಗುವ ಈ ಖುಷಿಗೆ ಅದರದ್ದೇ ಆದ ಕಾರಣಗಳಿವೆ.

ಸಮಾಧಾನ ಇರುವುದು ಆಯ್ಕೆಯಲ್ಲಿ

ಬೇಸರ ಕಳೆಯಲು ಶಾಪಿಂಗ್ ಮಾಡುವುದಕ್ಕೆ ‘ರೀಟೇಲ್ ಥೆರಪಿ’ ಎಂಬ ಹೆಸರೇ ಇದೆ. ತಮಾಷೆಗೆ ಬಳಸುವ ಮಾತು ಅಂದುಕೊಳ್ಳಬೇಡಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸ್ಕಾಟ್ ರಿಕ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ, 2014ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ಸೈಕಾಲಜಿ’ಯಲ್ಲಿ ಪ್ರಕಟಿಸಿದರು. ದುಃಖದಲ್ಲಿದ್ದವರಿಗೆ ಸಾಮಾನುಗಳನ್ನು ಸುಮ್ಮನೆ ನೋಡಿ ಎಂದಾಗ ಆದದ್ದಕ್ಕಿಂತ, ‘ಇದು ಬೇಕು, ಅದು ಬೇಡ’ ಎಂದು ಆರಿಸಿಕೊಳ್ಳಲು ಬಿಟ್ಟಾಗ ಹೆಚ್ಚು ಸಮಾಧಾನವಾಯಿತು. ಕೈ ಮೀರಿದೆ ಅನ್ನಿಸುವ ದಿನ, ಕಡೇಪಕ್ಷ ಬಣ್ಣವನ್ನಾದರೂ ನಾನೇ ಆರಿಸಿದೆ ಅನ್ನುವ ಹಿಡಿತ ಸಿಗುತ್ತದಂತೆ. ಗಮನಿಸಿ, ಕೋಪದಲ್ಲಿದ್ದವರಿಗೆ ಈ ಔಷಧ ಕೆಲಸ ಮಾಡಲಿಲ್ಲ. ಬಾಸ್ ಮೇಲಿನ ಸಿಟ್ಟಿಗೆ ಶರ್ಟ್ ಆರ್ಡರ್ ಮಾಡಿ ಪ್ರಯೋಜನವಿಲ್ಲ ಅಂತಾಯಿತು.

ಇದರಲ್ಲಿ ಇನ್ನೊಂದು ಮುಖ್ಯ ಅಂಶವಿದೆ. ಒಂದು ಪ್ರಯೋಗದಲ್ಲಿ ಜನರು ಮಾಡಿದ್ದು ಬರೀ ಕಾಲ್ಪನಿಕ ಶಾಪಿಂಗ್. ಒಂದು ಪೈಸೆಯೂ ಖರ್ಚಾಗಿರಲಿಲ್ಲ, ಆದರೂ ದುಃಖ ಇಳಿದಿತ್ತು. ಅಂದರೆ ಕಾರ್ಟ್ ತುಂಬಿಸಿದಾಗಲೇ ಮನಸ್ಸಿನ ಕೆಲಸ ಬಹುಪಾಲು ಆಗಿಹೋಗಿರುತ್ತದೆ. ‘ಪೇ ನೌ’ ಒತ್ತುವುದು ಅಂಗಡಿಯವರಿಗೆ ಬೇಕಾದ ಭಾಗ.

‘ನಿಮ್ಮ ಸೈಜ್ ಇಲ್ಲ ಮೇಡಂ’ ಅನ್ನುವವರಿಲ್ಲ

ಪುಸ್ತಕ, ಮಿಕ್ಸರ್ ಕೊಳ್ಳುವುದೇ ಬೇರೆ, ಬಟ್ಟೆ ಕೊಳ್ಳುವುದೇ ಬೇರೆ. ಬಟ್ಟೆ ಅಂದರೆ ಮೈ, ಮೈ ಅಂದರೆ ಮುಜುಗರ. ದಾದರ್ ಇರಲಿ, ಪುಣೆಯ ಲಕ್ಷ್ಮಿ ರೋಡ್ ಇರಲಿ, ಚೆನ್ನೈನ ಟಿ. ನಗರ ಇರಲಿ, ಅಂಗಡಿಗೆ ಹೋದರೆ ಸೇಲ್ಸ್‌ನವರು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಸೈಜ್ ಹೇಳಿಬಿಡುತ್ತಾರೆ. ದಪ್ಪಗಿರುವವರಿಗೆ, ತೀರಾ ಸಣ್ಣಗಿರುವವರಿಗೆ ಆ ನೋಟ ಎಂಥದ್ದು ಅಂತ ಗೊತ್ತು. ಭಾಷೆ ಬರದ ಊರಿನಲ್ಲಾದರೆ ಇನ್ನೂ ಕಷ್ಟ.

ಸೀರೆ ಅಂಗಡಿಯಲ್ಲಿ ಬೇರೆಯೇ ಸಂಕಟ. ಮೂವತ್ತು ಸೀರೆ ಬಿಡಿಸಿ ಹಾಸಿದ ಮೇಲೆ ಒಂದನ್ನೂ ತಗೊಳ್ಳದೆ ಎದ್ದು ಬರಲು ಗಟ್ಟಿ ಗುಂಡಿಗೆ ಬೇಕು. ದಾಕ್ಷಿಣ್ಯಕ್ಕೆ ಕೊಂಡು ಬೀರುವಿನಲ್ಲಿ ಮಡಚಿಟ್ಟ ಸೀರೆ ಯಾರ ಮನೆಯಲ್ಲಿಲ್ಲ ಹೇಳಿ? ಆ್ಯಪ್‌ನಲ್ಲಿ ಮುನ್ನೂರು ಸೀರೆ ನೋಡಿ ಮುಚ್ಚಿದರೂ ಯಾರೂ ಮುಖ ಗಂಟಿಕ್ಕುವುದಿಲ್ಲ. ಆನ್‌ಲೈನ್ ಅಂದರೆ ಡಿಸ್ಕೌಂಟ್ ಮಾತ್ರ ಅನ್ನುವವರು ಈ ನಿರಾಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಆಫರ್‌ಗಿಂತ ದೊಡ್ಡ ಆಕರ್ಷಣೆ ಇದೇ.

ದುಡ್ಡು ಕೊಡುವ ನೋವು ಎಲ್ಲಿ ಹೋಯಿತು?

ಇಷ್ಟವಾದ ವಸ್ತು ಕಂಡಾಗ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಚುರುಕಾಗುತ್ತದೆ. ಬೆಲೆ ತೀರಾ ಹೆಚ್ಚು ಅನ್ನಿಸಿದಾಗ ಅಹಿತಕರ ಅನುಭವಗಳಿಗೆ ಸಂಬಂಧಿಸಿದ ಇನ್ಸುಲಾ ಎಂಬ ಭಾಗ ಎಚ್ಚರವಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಬ್ರಯಾನ್ ನಟ್ಸನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮೂಲಕ ಇದನ್ನು ತೋರಿಸಿತ್ತು. ಒಟ್ಟಿನಲ್ಲಿ ಕೊಳ್ಳುವ ನಿರ್ಧಾರ ಅಂದರೆ ಆಸೆಗೂ ನೋವಿಗೂ ನಡೆಯುವ ಜಗ್ಗಾಟ.

ನೋಟು ಎಣಿಸಿ ಕೊಡುವಾಗ ಆ ನೋವು ಸರಿಯಾಗಿ ತಟ್ಟುತ್ತದೆ. ಫ್ಲಿಪ್‌ಕಾರ್ಟ್ 2010ರಲ್ಲಿ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ಭಯ ಕಡಿಮೆಯಾಯಿತು, ನೋವು ಪಾರ್ಸೆಲ್ ಬರುವ ದಿನಕ್ಕೆ ಮುಂದೆ ಹೋಯಿತು. 2016ರಲ್ಲಿ ಯುಪಿಐ ಬಂತು, ಈಗ ಪಿನ್ ಒತ್ತಿದರೆ ಮುಗಿಯಿತು. ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎನ್ನುವ ಸಾಲದಲ್ಲಂತೂ ನೋವು ಮುಂದಿನ ತಿಂಗಳ ಸಂಬಳದ ದಿನಕ್ಕೆ ಕಾದು ಕೂತಿರುತ್ತದೆ. ಮೊದಲ ಕೆಲಸ, ಪಿಜಿ ಬಾಡಿಗೆ, ಊರಿಗೆ ಕಳಿಸಬೇಕಾದ ದುಡ್ಡು ಇವುಗಳ ನಡುವೆ ನಾಲ್ಕು ಸಣ್ಣ ಕಂತು ಸೇರಿದರೆ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ.

‘ಬೇಡವಾದರೆ ರಿಟರ್ನ್ ಇದೆಯಲ್ಲ’ ಅನ್ನುವ ಧೈರ್ಯ ಬೇರೆ. ಆದರೆ ಒಮ್ಮೆ ಕೈಗೆ ಬಂದು, ಕನ್ನಡಿ ಮುಂದೆ ಹಾಕಿ ನೋಡಿದ ಬಟ್ಟೆ ಆಗಲೇ ‘ನನ್ನದು’ ಅನ್ನಿಸಿರುತ್ತದೆ. ವಾಪಸ್ ಮಾಡುವುದು ಕಳೆದುಕೊಂಡಂತೆ. ಜೊತೆಗೆ ಸೋಮಾರಿತನವೂ ಇದೆ ಬಿಡಿ.

ಊರಿನ ವಾಸನೆಯೂ ಪಾರ್ಸೆಲ್‌ನಲ್ಲಿ

ಊರು ಬಿಟ್ಟವರಿಗೆ ಇನ್ನೊಂದು ಸೆಳೆತವಿದೆ. ದೆಹಲಿಯಲ್ಲಿ ಕೂತು ಯುಗಾದಿಗೆ ಅಮ್ಮನ ವಿಳಾಸಕ್ಕೇ ಸೀರೆ ಕಳಿಸಬಹುದು. ಹೈದರಾಬಾದ್‌ನಲ್ಲಿದ್ದು ಇಳಕಲ್ ಸೀರೆ ಹುಡುಕಬಹುದು. ಇಲ್ಲಿ ಕೊಳ್ಳುವುದು ಬಟ್ಟೆಗಿಂತ ನೆನಪನ್ನು, ಆದ್ದರಿಂದ ಮೋಸ ಹೋಗುವುದೂ ಸುಲಭ. ಇಳಕಲ್ ಕೈಮಗ್ಗದ ಸೀರೆಯ ಗುರುತು ಅದರ ಕೊಂಡಿ: ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಸೇರಿಸಿರುತ್ತಾರೆ. ಫೋಟೋದಲ್ಲಿ ಕೆಂಪು ಸೆರಗು ಕಾಣುತ್ತದೆ, ಆ ಕೊಂಡಿ ಕಾಣುವುದಿಲ್ಲ. ಕೊಳ್ಳುವ ಮೊದಲು ಕೈಮಗ್ಗವೋ ಪವರ್‌ಲೂಮೋ ಎಂದು ವಿವರದಲ್ಲಿ ಓದಿ, ಬರೆದಿಲ್ಲದಿದ್ದರೆ ಕೇಳಿ.

‘ಎರಡೇ ಪೀಸ್ ಉಳಿದಿದೆ’ ನಿಜವೇ?

ಈ ಭಾವನೆಗಳೆಲ್ಲ ಆ್ಯಪ್ ರೂಪಿಸುವವರಿಗೂ ಗೊತ್ತು. ಓಡುವ ಗಡಿಯಾರ, ‘ಈಗ 40 ಜನ ನೋಡುತ್ತಿದ್ದಾರೆ’ ಎಂಬ ಸಾಲು, ಕಾರ್ಟ್ ಬಿಟ್ಟು ಹೋದರೆ ಬರುವ ಮೆಸೇಜು, ಎಲ್ಲವೂ ಯೋಚಿಸುವ ಹೊತ್ತನ್ನು ಕಡಿಮೆ ಮಾಡಲು. ಸ್ಟಾಕ್ ನಿಜವಾಗಿ ಕಡಿಮೆ ಇದ್ದರೆ ಹೇಳುವುದು ತಪ್ಪಲ್ಲ. ಸುಳ್ಳು ಹೇಳಿ ಅವಸರಪಡಿಸುವುದು ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಇಂಥ 13 ‘ಡಾರ್ಕ್ ಪ್ಯಾಟರ್ನ್’ಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ, ಕೇಳದೆಯೇ ಕಾರ್ಟ್‌ಗೆ ಏನಾದರೂ ಸೇರಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು, ‘ಬೇಡ’ ಅಂದವರಿಗೆ ನಾಚಿಕೆಯಾಗುವಂತೆ ಬರೆಯುವುದು ಎಲ್ಲವೂ ಅದರಲ್ಲಿವೆ.

ಇಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಬರೀ ಬೇಸರಕ್ಕೆ ಕಾರ್ಟ್ ತುಂಬಿಸಿದ್ದರೆ ಅದನ್ನು ಬೆಳಗಿನವರೆಗೆ ಹಾಗೇ ಬಿಡಿ. ಹಲ್ಲುಜ್ಜಿ ಬಂದು ನೋಡುವಾಗಲೂ ಆ ಕುರ್ತಾ ಅಷ್ಟೇ ಚೆನ್ನಾಗಿ ಕಂಡರೆ, ಧಾರಾಳವಾಗಿ ತಗೊಳ್ಳಿ.