ಇಳಿಜಾರಿಗೊಂದು ಅಗ್ಗದ ಕಡಿವಾಣ

ಬೆಟ್ಟದ ಸೈಕಲ್ಲನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಗೇರುಗಳ ಸಂಖ್ಯೆಯನ್ನು. ಮಾರುವವನೂ ಅದನ್ನೇ ಮುಂದಿಟ್ಟುಕೊಂಡು ಬೆಲೆ ಹೇಳುತ್ತಾನೆ. ಏರುವುದು ಪುರುಷಪ್ರಯತ್ನಕ್ಕೆ ಸೇರಿದ್ದು, ಇಳಿಯುವುದು ತಾನಾಗಿ ಆಗತಕ್ಕದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು. ಆದರೆ ಮೌಂಟನ್ ಬೈಕ್ ಎಂಬ ಈ ವಾಹನವು ಜನ್ಮತಾಳಿದ್ದು ಏರುವ ಛಲದಿಂದಲ್ಲ, ಇಳಿಯುವ ಹುಚ್ಚಿನಿಂದ. ಅದಕ್ಕೆ ಒದಗಿದ ಪ್ರಥಮ ಸಂಕಟವೂ ಬ್ರೇಕಿನದೇ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಸಮೀಪದ ಗುಡ್ಡವೊಂದರಿಂದ ಇಳಿಯುವ ಮಣ್ಣುದಾರಿಯಲ್ಲಿ, 1976ರ ಅಕ್ಟೋಬರಿನಲ್ಲಿ ಕೆಲವರು ತರುಣರು ಗಡಿಯಾರ ಹಿಡಿದು ಪಂದ್ಯವಾಡತೊಡಗಿದರು. ಸುಮಾರು ಮೂರೂವರೆ ಕಿಲೋಮೀಟರಿನ ಹಾದಿ. ಅಷ್ಟರೊಳಗೆ ಇಳಿಯಬೇಕಾದ ಆಳ ಸುಮಾರು 400 ಮೀಟರ್. ಅವರ ಕೈಗೆ ಸಿಕ್ಕಿದ್ದ ವಾಹನಗಳೋ, ದಪ್ಪ ಟೈರಿನ, ದಶಕಗಳಷ್ಟು ಹಳೆಯ ಷ್ವಿನ್ ಸೈಕಲ್ಲುಗಳು; ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಬದಿಯ ಹಬ್ಬಿನೊಳಗೇ ಚಕ್ರವನ್ನು ಹಿಡಿಯುವ ಬ್ರೇಕು ಅವುಗಳದು. ಸವಾರನೂ ಸೈಕಲ್ಲೂ ಸೇರಿ 85 ಕಿಲೋಗ್ರಾಂ ಎಂದಿಟ್ಟುಕೊಂಡರೆ, 400 ಮೀಟರ್ ಇಳಿಯುವಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿಯು ಒಂದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಬಿಂದುವಿನ ಅಂಚಿಗೆ ಒಯ್ಯಲು ಸಾಕಾದೀತು. ಅದರಲ್ಲೊಂದು ಪಾಲನ್ನು ಎದುರುಗಾಳಿ ಕೊಂಡುಹೋದರೂ ಮಿಕ್ಕ ಉಷ್ಣವೆಲ್ಲ ಆ ಪುಟ್ಟ ಹಬ್ಬಿನೊಳಗೆ ಸೇರಿ, ಅಲ್ಲಿದ್ದ ಗ್ರೀಸು ಹೊಗೆಯಾಗಿ ಹೊರಟುಹೋಗುತ್ತಿತ್ತು. ಸವಾರನು ಹಬ್ಬನ್ನು ಬಿಚ್ಚಿ ಹೊಸ ಗ್ರೀಸನ್ನು ತುಂಬಿದ ಹೊರತು ಮತ್ತೊಮ್ಮೆ ಇಳಿಯುವಂತಿರಲಿಲ್ಲ. ಹೀಗೆ ಪ್ರತಿ ಸಲವೂ ಮತ್ತೆ ತುಂಬಬೇಕಾಗುತ್ತಿದ್ದುದರಿಂದ ‘ರಿಪ್ಯಾಕ್’ ಎಂದೇ ಆ ಹಾದಿಗೆ ಹೆಸರಾಯಿತು. ಗ್ಯಾರಿ ಫಿಷರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮೊದಲಾದವರು ಇಂದಿನ ಬೆಟ್ಟದ ಸೈಕಲ್ಲಿಗೆ ರೂಪವನ್ನು ಕೊಟ್ಟದ್ದು ಈ ಸುಟ್ಟ ಗ್ರೀಸಿನ ವಾಸನೆಯ ನಡುವೆ.

ಮೋಟಾರು ಕಾರಿನ ಲೋಕದಲ್ಲಿ ಇದಕ್ಕೆ ಪರಿಹಾರವು ಆ ವೇಳೆಗಾಗಲೇ ಹಳೆಯ ಸಂಗತಿಯಾಗಿತ್ತು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. 1953ರ ಲೆ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದದ್ದು ಡಿಸ್ಕ್ ಬ್ರೇಕುಗಳ ಬಲದಿಂದ. ಸೈಕಲ್ಲಿಗಾದರೋ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂದದ್ದು ಬಹಳ ತಡವಾಗಿ. ಜರ್ಮನಿಯ ಮಗುರಾ ಸಂಸ್ಥೆಯು 1987ರಲ್ಲಿ ತಂದ ಹೈಡ್ರಾಲಿಕ್ ಬ್ರೇಕು ಕೂಡ ಹಿಡಿಯುತ್ತಿದ್ದದ್ದು ರಿಮ್ಮನ್ನೇ ಹೊರತು ಡಿಸ್ಕನ್ನಲ್ಲ. ಡಿಸ್ಕ್ ಬಂದ ಮೇಲೂ ಅನೇಕ ವರ್ಷ ಅದು ಪಂದ್ಯದವರ, ಧನಿಕರ ಸೊತ್ತಾಗಿಯೇ ಉಳಿದಿತ್ತು. ಈಗ ಕೆಲವೇ ಸಾವಿರ ರೂಪಾಯಿಗೆ, ಎಣ್ಣೆ ತುಂಬಿಯೇ ಬರುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಒಂದು ಜೋಡಿಯನ್ನು ಯಾರಾದರೂ ತಂದುಕೊಳ್ಳಬಹುದು. ಜಪಾನಿನ ಸಕಾಯಿ ನಗರದಲ್ಲಿ 1921ರಲ್ಲಿ ಫ್ರೀವೀಲ್ ಮಾಡುವುದರಿಂದ ಆರಂಭವಾದ ಶಿಮಾನೊ ಸಂಸ್ಥೆಯ ಎಂ.ಟಿ. 200, ತೈವಾನಿನ ಟೆಕ್ಟ್ರೊ ಸಂಸ್ಥೆಯ ಕೆಳಮೆಟ್ಟಿಲಿನ ಮಾದರಿಗಳು ಈ ವರ್ಗಕ್ಕೆ ಸೇರಿದುವು.

ಇಷ್ಟು ಅಗ್ಗವಾದುದನ್ನು ನಂಬಿ ಘಟ್ಟ ಇಳಿಯಬಹುದೇ ಎಂಬ ಶಂಕೆ ಸಹಜವೇ. ಆದರೆ ಇದರ ಜೀವಾಳವಾದ ತತ್ತ್ವಕ್ಕೆ ಯಾರೂ ಬೆಲೆ ಕಟ್ಟುವಂತಿಲ್ಲ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆಂದು ಹದಿನೇಳನೆಯ ಶತಮಾನದ ಫ್ರೆಂಚ್ ಪಂಡಿತ ಬ್ಲೇಸ್ ಪಾಸ್ಕಲ್ ನಿರೂಪಿಸಿದ ನಿಯಮವು ಅಗ್ಗದ ಕೊಳವೆಯಲ್ಲಿಯೂ ದುಬಾರಿ ಕೊಳವೆಯಲ್ಲಿಯೂ ಒಂದೇ ರೀತಿಯಲ್ಲಿ ನಡೆಯುತ್ತದೆ. ಲಿವರಿನ ಬುಡದಲ್ಲಿರುವ ಸಣ್ಣ ಪಿಸ್ಟನ್ ಹೆಚ್ಚು ದೂರ ಸರಿದು, ಡಿಸ್ಕಿನ ಎರಡೂ ಬದಿಗೆ ಪ್ಯಾಡು ಹೊತ್ತ ಕ್ಯಾಲಿಪರಿನಲ್ಲಿರುವ ದೊಡ್ಡ ಪಿಸ್ಟನ್ನುಗಳನ್ನು ಸ್ವಲ್ಪವೇ ದೂರ, ಆದರೆ ಅನೇಕ ಪಾಲು ಹೆಚ್ಚಿನ ಬಲದಿಂದ ತಳ್ಳುತ್ತದೆ. ವೈರಿನಿಂದ ಎಳೆಯುವ ಸಾಮಾನ್ಯ ಡಿಸ್ಕ್ ಬ್ರೇಕಿನಲ್ಲಿ ಒಂದೇ ಪ್ಯಾಡು ಚಲಿಸಿ, ತೆಳುವಾದ ಡಿಸ್ಕನ್ನು ಆಚೆಯ ಪ್ಯಾಡಿನ ಮೇಲಕ್ಕೆ ಬಾಗಿಸಿ ಒತ್ತುತ್ತದೆ. ಇಲ್ಲಿಯಾದರೋ ಎರಡೂ ಏಕಕಾಲದಲ್ಲಿ ಬಂದು ಹಿಡಿಯುತ್ತವೆ. ನನಗೆ ಅತ್ಯಂತ ಮನೋಹರವಾಗಿ ಕಂಡದ್ದು ಪಿಸ್ಟನ್ನಿನ ಸುತ್ತಣ ರಬ್ಬರಿನ ಸೀಲು. ಪಿಸ್ಟನ್ ಮುಂದೆ ಸರಿದಾಗ ಅದು ಕೊಂಚ ತಿರುಚಿಕೊಂಡು, ಒತ್ತಡ ಇಳಿದೊಡನೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಪ್ಯಾಡು ಸವೆದಿದ್ದರೆ ಪಿಸ್ಟನ್ ಸೀಲಿನೊಳಗೇ ಜಾರಿ ಅಷ್ಟು ಮುಂದೆ ನೆಲೆಸುತ್ತದೆ. ಸವೆತಕ್ಕೆ ತಕ್ಕ ಹೊಂದಾಣಿಕೆ ಹೀಗೆ ಯಾರ ಕೈಯೂ ಸೋಕದೆ ನಡೆದುಹೋಗುತ್ತದೆ.

ಹಾಗಾದರೆ ಅಗ್ಗವಾದುದು ಯಾವುದು? ಲಿವರಿನ ದೂರವನ್ನು ತಿದ್ದಿಕೊಳ್ಳಲು ಕೈಯಿಂದ ತಿರುಗಿಸುವ ಗುಂಡಿಯ ಬದಲು ಸಣ್ಣ ಅಲೆನ್ ಕೀಲಿಗೆ ಒಗ್ಗುವ ಸ್ಕ್ರೂ. ಮೊದಲ ಎಳೆತದಲ್ಲಿ ಪ್ಯಾಡನ್ನು ಬೇಗ ತಂದು, ಅನಂತರ ಬಲವನ್ನು ಹೆಚ್ಚಿಸುವ, ‘ಸರ್ವೋ ವೇವ್’ ಮೊದಲಾದ ಹೆಸರಿನ ಕೌಶಲಗಳ ಅಭಾವ. ಎಲ್ಲಕ್ಕಿಂತ ಮುಖ್ಯವಾಗಿ ಡಿಸ್ಕಿನ ಉಕ್ಕು. ಅಗ್ಗದ ಡಿಸ್ಕುಗಳ ಮೇಲೆ, ರೆಸಿನ್ ಪ್ಯಾಡನ್ನು ಮಾತ್ರ ಉಪಯೋಗಿಸತಕ್ಕದ್ದೆಂದು ಕೆತ್ತಿರುವುದುಂಟು. ಲೋಹದ ಪ್ಯಾಡನ್ನು ತೊಡಿಸಿದರೆ ಆ ಮೆದು ಉಕ್ಕು ಬೇಗನೆ ಸವೆದುಹೋಗುತ್ತದೆ. ರೆಸಿನ್ ಪ್ಯಾಡು ಸದ್ದಿಲ್ಲದ ಸಾಧು ಪ್ರಾಣಿ, ಆದರೆ ಮಳೆಗಾಲದ ಕೆಸರಿನಲ್ಲಿ ಅಲ್ಪಾಯುಷಿ. ದೀರ್ಘವಾದ ಇಳಿಜಾರಿನ ಬಿಸಿಯನ್ನೂ ಅದು ಲೋಹದಷ್ಟು ಸಹಿಸಲಾರದು. ಕೊರತೆಯಿರುವುದೆಲ್ಲ ಹೀಗೆ ಅಂಚಿನಲ್ಲಿ, ಹಿಡಿತದ ಮೂಲದಲ್ಲಲ್ಲ.

ನನ್ನ ಸೈಕಲ್ಲಿನ ವೈರಿನ ಡಿಸ್ಕ್ ಬ್ರೇಕನ್ನು ತೆಗೆದು ಇಂಥದೊಂದು ಜೋಡಿಯನ್ನು ಹಾಕಿಸಿದಾಗ ಒಂದು ಸೂಕ್ಷ್ಮವು ಗಮನಕ್ಕೆ ಬಂತು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರು ಮುಂದಿನ ಚಕ್ರದ್ದು, ಅಮೆರಿಕದಲ್ಲಿ ಎಡಗೈಯದು. ಅಮೆರಿಕದ ಪದ್ಧತಿಗೆಂದು ಕಟ್ಟಿ ಬಂದ ಜೋಡಿಯಲ್ಲಿ ಮುಂದಿನ ಚಕ್ರದ ಗಿಡ್ಡ ಕೊಳವೆಯು ಎಡಲಿವರಿಗೆ ಅಂಟಿಕೊಂಡಿರುತ್ತದೆ. ಅದನ್ನು ಅದಲುಬದಲು ಮಾಡಬೇಕಾದರೆ ಕೊಳವೆಗಳನ್ನು ಬಿಚ್ಚಿ ಮತ್ತೆ ಎಣ್ಣೆ ತುಂಬಿ ಗಾಳಿ ತೆಗೆಯಬೇಕಾಗಿ ಬಂದು, ಉಳಿಸಿದ ಹಣದಲ್ಲೊಂದು ಭಾಗ ಮೆಕ್ಯಾನಿಕ್ಕಿನ ಪಾಲಾಗುತ್ತದೆ. ಕೊಳ್ಳುವಾಗಲೇ ಕೇಳಿ ತಿಳಿಯುವುದು ಲೇಸು. ಹೊಸ ಪ್ಯಾಡು ಮೊದಲ ದಿನ ಹಿಡಿಯುವುದೇ ಇಲ್ಲವೆನ್ನುವಷ್ಟು ಮಂದವಾಗಿರುತ್ತದೆಂಬುದನ್ನೂ ತಿಳಿದಿರಬೇಕು. ಸಮತಟ್ಟಾದ ರಸ್ತೆಯಲ್ಲಿ ಒಂದಿಷ್ಟು ವೇಗ ಪಡೆದು, ಚಕ್ರ ಕಚ್ಚಿ ನಿಲ್ಲದಂತೆ ಹದವಾಗಿ ಬ್ರೇಕು ಒತ್ತಿ ನಿಧಾನಗೊಳಿಸುವ ಕ್ರಿಯೆಯನ್ನು ಇಪ್ಪತ್ತು ಸಲವಾದರೂ ಮಾಡಿದ ಮೇಲೆ ಪ್ಯಾಡಿನ ದ್ರವ್ಯವು ಡಿಸ್ಕಿನ ಮೇಲೆ ತೆಳುವಾಗಿ ಲೇಪಗೊಂಡು, ನಿಜವಾದ ಹಿಡಿತವು ಆಗ ಒದಗುತ್ತದೆ.

ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಚಂದ್ರದ್ರೋಣ ಪರ್ವತದ ಮಗ್ಗುಲಿನ ಕಾಫಿತೋಟಗಳ ನಡುವಣ ಮಣ್ಣುದಾರಿಗಳನ್ನು. ಮಳೆ ನಿಂತು ಒಂದೆರಡು ದಿನವಾಗಿದ್ದ ಕಾಲ. ಮೇಲೆ ಒಣಗಿದಂತೆ ತೋರಿ, ಒಳಗೆ ಬೆಣ್ಣೆಯಂತೆ ಜಾರುವ ಕೆಂಪು ಮಣ್ಣು. ಅಂಥಲ್ಲಿ ಬೇಕಾದದ್ದು ಪ್ರಚಂಡವಾದ ಬಲವಲ್ಲ, ಬಲದ ತಾರತಮ್ಯ: ಚಕ್ರವು ಜಾರುವುದಕ್ಕೆ ಒಂದು ಕ್ಷಣ ಮುಂಚೆ ಎಷ್ಟು ಒತ್ತಬಹುದೋ ಅಷ್ಟನ್ನೇ ಒತ್ತಿ, ಅದಕ್ಕಿಂತ ಒಂದು ಎಳ್ಳಿನಷ್ಟೂ ಹೆಚ್ಚು ಒತ್ತದಿರುವುದು. ಕೆಸರು ಹೊಕ್ಕ ಕವಚದೊಳಗೆ ಉಜ್ಜಿಕೊಂಡು ಬರುವ ವೈರು ಬೆರಳಿನ ಈ ಸೂಕ್ಷ್ಮವನ್ನು ದಾರಿಯಲ್ಲೇ ಕಳೆದುಬಿಡುತ್ತಿತ್ತು. ದ್ರವವು ಅದನ್ನು ಯಥಾವತ್ತಾಗಿ ತಲಪಿಸಿತು. ಲಿವರಿನ ಮೇಲೆ ಮೂರು ಬೆರಳು ಇಡುವಷ್ಟು ಸ್ಥಳವಿದ್ದರೂ ಎರಡೇ ಸಾಕಾಗಿ, ಮಿಕ್ಕವು ಹ್ಯಾಂಡಲನ್ನು ಭದ್ರವಾಗಿ ಹಿಡಿಯಲು ಬಿಡುವಾದುವು. ಇಳಿದು ಮುಗಿಸಿದಾಗ ಮುಂಗೈ ನೋಯುತ್ತಿರಲಿಲ್ಲ. ಕಡಿದಾದ ಒಂದು ಉದ್ದ ಇಳಿಜಾರಿನ ಕೊನೆಯಲ್ಲಿ ಹಿಡಿತ ಸ್ವಲ್ಪ ಮಂಕಾದದ್ದೂ ಬಿಸಿಯಾದ ಪ್ಯಾಡಿನ ವಾಸನೆ ಮೂಗಿಗೆ ತಾಗಿದ್ದೂ ಉಂಟು. ಸ್ವಲ್ಪ ಹೊತ್ತು ನಿಂತದ್ದರಿಂದ ಅದು ಸರಿಹೋಯಿತು. ತಡೆದುಕೊಂಡೇ ಇಳಿಯುವುದಕ್ಕಿಂತ ಬೇಕಾದೆಡೆ ಗಟ್ಟಿಯಾಗಿ ಒತ್ತಿ, ಉಳಿದೆಡೆ ಬಿಟ್ಟು ಡಿಸ್ಕಿಗೆ ಗಾಳಿಯಾಡಲು ಅವಕಾಶ ಕೊಡುವುದೇ ಈ ವರ್ಗದ ಬ್ರೇಕನ್ನು ನಡೆಸಿಕೊಳ್ಳತಕ್ಕ ಕ್ರಮ.

ಇದರ ನಿಜವಾದ ಶತ್ರು ನಮ್ಮ ಭಕ್ತಿಯೂ ಉಪಚಾರವೂ ಎಂದರೆ ವಿನೋದವಾಗಿ ಕೇಳೀತು. ಯಂತ್ರವೆಂದರೆ ಎಣ್ಣೆ ಬಿಡಬೇಕೆಂಬುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಸಂಸ್ಕಾರ. ಆಯುಧಪೂಜೆಯ ದಿನವಂತೂ ಸೈಕಲ್ಲಿನ ಯಾವ ಅಂಗವೂ ಎಣ್ಣೆಗೈಯಿಂದ ತಪ್ಪಿಸಿಕೊಳ್ಳುವುದಿಲ್ಲ. ಡಿಸ್ಕಿಗೆ ಒಂದು ತೊಟ್ಟು ತಾಗಿದರೂ ಪ್ಯಾಡು ಅದನ್ನು ಹೀರಿಕೊಂಡು, ಬ್ರೇಕು ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ ಶುದ್ಧಿಮಾಡಬಹುದು. ಪ್ಯಾಡನ್ನು ಬಹುಮಟ್ಟಿಗೆ ಎಸೆಯುವುದೇ ಗತಿ. ಕುಂಕುಮವನ್ನು ಹ್ಯಾಂಡಲಿಗಿಟ್ಟರೆ ದೇವರಿಗೆ ಅಸಮಾಧಾನವಾಗಲಾರದು. ಇನ್ನು ಪಂಕ್ಚರ್ ಅಂಗಡಿ: ಚಕ್ರ ಬಿಚ್ಚಿರುವಾಗ ಯಾರಾದರೂ ಕುತೂಹಲದಿಂದ ಲಿವರನ್ನು ಒತ್ತಿದರೆ ನಡುವೆ ಡಿಸ್ಕಿಲ್ಲದೆ ಪಿಸ್ಟನ್ನುಗಳು ಮುಂದೆ ಬಂದು, ಚಕ್ರ ಮತ್ತೆ ಒಳಗೆ ಹೋಗದಂತಾಗುತ್ತದೆ; ಆದ್ದರಿಂದ ಪ್ಯಾಡುಗಳ ನಡುವೆ ಮಡಿಸಿದ ರಟ್ಟಿನ ಚೂರನ್ನಿಡುವುದು ಕ್ಷೇಮ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಲಿವರಿನ ಎಣ್ಣೆಬಟ್ಟಲಿನ ಗಾಳಿಗುಳ್ಳೆ ಕೊಳವೆಗೆ ಸೇರಿ ಲಿವರು ಮೆತ್ತಗಾಗುವುದೂ ಉಂಟು. ಶಿಮಾನೊ, ಟೆಕ್ಟ್ರೊಗಳು ಕೇಳುವುದು ಮಿನರಲ್ ಆಯಿಲನ್ನು. ಮೋಟಾರುಸೈಕಲ್ಲಿನ ಅಂಗಡಿಯಲ್ಲಿ ದೊರೆಯುವ ಡಾಟ್ ಎಂಬ ಬ್ರೇಕುದ್ರವವನ್ನು ಅದರಲ್ಲಿ ಸುರಿದರೆ ಸೀಲುಗಳು ಕೆಟ್ಟುಹೋಗುತ್ತವೆ.

ಹೊರೆ ಹೇರಿಕೊಂಡು ದೂರದೇಶ ಸುತ್ತುವವರಿಗೆ ನಾನು ಈಗಲೂ ವೈರಿನ ಬ್ರೇಕನ್ನೇ ಹೇಳುತ್ತೇನೆ. ವೈರು ತುಂಡಾದರೆ ಯಾವ ಸಂತೆಯೂರಿನಲ್ಲಾದರೂ ಸಿಗುತ್ತದೆ, ಕೊಳವೆ ಹರಿದರೆ ಸಿಗುವುದಿಲ್ಲ. ಭಾನುವಾರದ ಬೆಟ್ಟದ ಸವಾರರಿಗಾದರೋ ಹೈಡ್ರಾಲಿಕ್ ಬ್ರೇಕು ನಿಸ್ಸಂಶಯವಾಗಿ ಯೋಗ್ಯ. ದುಬಾರಿ ಲಿವರಿಗೆ ಸುರಿಯುವ ಹಣದಲ್ಲೊಂದು ಅಲ್ಪಾಂಶವನ್ನು ಡಿಸ್ಕಿಗೆ ಹಾಕಿ, ಫೋರ್ಕು ಒಪ್ಪುವುದಾದರೆ ಮುಂದಿನ ಚಕ್ರಕ್ಕೆ 160 ಮಿಲಿಮೀಟರಿನದರ ಬದಲು 180ರದನ್ನು ಅಡಾಪ್ಟರಿನೊಡನೆ ಕೂರಿಸಿದರೆ, ಅದೇ ಬೆರಳಿನ ಬಲಕ್ಕೆ ಎಂಟನೆಯ ಒಂದು ಪಾಲು ಹೆಚ್ಚು ತಡೆಯೂ, ಉಷ್ಣವನ್ನು ಚೆಲ್ಲಲು ಹೆಚ್ಚು ಲೋಹವೂ ದೊರೆಯುತ್ತದೆ. ಕೈಯಲ್ಲಿರುವ ಹಣ ಒಂದೇ ಚಕ್ರಕ್ಕೆ ಸಾಲುವುದಾದರೆ ಮುಂದಿನದಕ್ಕೆ ಹಾಕಿಸುವುದು. ಇಳಿಯುವಾಗ ಭಾರವೆಲ್ಲ ಬಂದು ಕೂರುವುದು ಅದರ ಮೇಲೆ. ಹಿಂದಿನದನ್ನು ದೀಪಾವಳಿಯ ಬೋನಸ್ಸಿನವರೆಗೆ ಮುಂದೂಡಬಹುದು.