ಬುಟ್ಟಿಗೆ 50 ರೂಪಾಯಿ ಕಡಿಮೆ!

ಕಳೆದ ವರ್ಷ ಯುಗಾದಿ ಮುಗಿದ ವಾರ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು: ‘ತೋಟದಿಂದ ನೇರ ಮನೆಗೆ, ವಾರದ ತರಕಾರಿ ಬುಟ್ಟಿ, 400 ರೂಪಾಯಿ.’ ಆಗಲೇ ನಾವು 30 ಮನೆಯವರು ದೊಡ್ಡಬಳ್ಳಾಪುರ ಕಡೆಯ ರೈತರೊಬ್ಬರಿಂದ 450ಕ್ಕೆ ಬುಟ್ಟಿ ತರಿಸ್ತಿದ್ವಿ. 50 ರೂಪಾಯಿ ಉಳಿಯುತ್ತಲ್ಲ ಅಂತ ನಾನು ಬದಲಾಯಿಸಿಬಿಟ್ಟೆ. ನನ್ನ ಹಾಗೇ ಇನ್ನೂ 14 ಮನೆ.

ಒಂದು ಶನಿವಾರ ಗೇಟಿನ ಹತ್ತಿರ ಹಳೆಯ ಅಣ್ಣ ಸಿಕ್ಕರು. ಟೆಂಪೋದಲ್ಲಿ ಮೂಲಂಗಿ ರಾಶಿ ಹಾಗೇ ಉಳಿದಿತ್ತು. “ಬೇರೆ ಕಡೆ ತಗೊಳ್ಳಿ ಮೇಡಂ, ಬೇಜಾರಿಲ್ಲ. ಮೊದ್ಲೇ ಒಂದು ಮಾತು ಹೇಳಿದ್ರೆ ಇಷ್ಟು ಬಿತ್ತುತ್ತಿರಲಿಲ್ಲ,” ಅಂದರು. ಮೂಲಂಗಿ ಕೈಗೆ ಬರೋಕೆ ಸುಮಾರು 45 ದಿನ ಬೇಕು. ನಾನು ಆ್ಯಪಿನಲ್ಲಿ ಆರ್ಡರ್ ಕ್ಯಾನ್ಸಲ್ ಮಾಡಿದ ಹಾಗೆ ಬಿತ್ತಿದ ಬೀಜವನ್ನು ಕ್ಯಾನ್ಸಲ್ ಮಾಡೋಕಾಗಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಟೆಂಪೋ ಬಾಡಿಗೆ 1500. 30 ಬುಟ್ಟಿ ಇದ್ದಾಗ ತಲಾ 50, 15 ಆದಾಗ ತಲಾ 100. ನಾನು ಉಳಿಸಿದ ಐವತ್ತು, ಉಳಿದವರ ಬುಟ್ಟಿಯ ಮೇಲೆ ಬಿದ್ದಿತ್ತು! ಕಡಿಮೆ ಬೆಲೆಯವರೇನು ದೊಡ್ಡ ಕಂಪನಿಯಲ್ಲ. ದೇವನಹಳ್ಳಿ ಕಡೆಯ ಎರಡೆಕರೆ ರೈತ. ಗಿರಾಕಿ ಹಿಡಿಯೋಕೆ ಬೆಲೆ ಇಳಿಸಿದ್ದರು, ಅಷ್ಟೆ. ಮಳೆಗಾಲದಲ್ಲಿ ಸೊಪ್ಪು ಕೊಳೆತು ಅವರ ಬುಟ್ಟಿ ಮೂರು ವಾರ ಬರಲೇ ಇಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿದೆ. ಜಪಾನಿನಲ್ಲಿ 1970ರ ದಶಕದಲ್ಲೇ ‘ತೇಕೇ’ ಅನ್ನೋ ಹೆಸರಲ್ಲಿ ಮನೆಗಳೂ ರೈತರೂ ನೇರವಾಗಿ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್‌ನ ಇಂಡಿಯನ್ ಲೈನ್ ಮತ್ತು ನ್ಯೂ ಹ್ಯಾಂಪ್‌ಷೈರ್‌ನ ಟೆಂಪಲ್-ವಿಲ್ಟನ್ ತೋಟಗಳು ಶುರುಮಾಡಿದವು. ಅಲ್ಲಿನ ಕ್ರಮ ಸರಳ: ಬಿತ್ತನೆಗೆ ಮುಂಚೆಯೇ ಸದಸ್ಯರು ದುಡ್ಡು ಕೊಡ್ತಾರೆ. ಬೆಳೆ ಚೆನ್ನಾಗಿ ಬಂದರೆ ಬುಟ್ಟಿ ತುಂಬುತ್ತೆ, ಆಲಿಕಲ್ಲು ಬಿದ್ದರೆ ನಷ್ಟದಲ್ಲೂ ಪಾಲು. ನಾವು ಬುಟ್ಟಿಯನ್ನು ಮಾತ್ರ ತಗೊಂಡು ಪಾಲುದಾರಿಕೆಯನ್ನು ಬಿಟ್ಟಿದ್ವಿ. ಸದಸ್ಯರಾಗಿರಲಿಲ್ಲ, ಬರೀ ಗಿರಾಕಿಗಳಾಗಿದ್ವಿ. ಪಾಲು ಇಲ್ಲದ ಕಡೆ ಉಳಿಯೋದು ಬೆಲೆ ಒಂದೇ. ಬೆಲೆಯ ಜಗಳದಲ್ಲಿ ಇಬ್ಬರು ಸಣ್ಣ ರೈತರೂ ಸೋಲ್ತಾರೆ, ಹತ್ತು ನಿಮಿಷದಲ್ಲಿ ಟೊಮೆಟೊ ತರೋ ಆ್ಯಪ್ ಗೆಲ್ಲುತ್ತೆ.

ಆಗಸ್ಟ್‌ನಲ್ಲಿ ಇಬ್ಬರನ್ನೂ ಕ್ಲಬ್‌ಹೌಸಿಗೆ ಕರೆದ್ವಿ. ಮೊದಲರ್ಧ ಗಂಟೆ ಮುಖ ಕೊಟ್ಟು ಮಾತಾಡಲಿಲ್ಲ. ಕಾಫಿ ಮುಗಿಯೋ ಹೊತ್ತಿಗೆ ತೀರ್ಮಾನವಾಯ್ತು: ಒಬ್ಬರು ಸೊಪ್ಪು-ಗೆಡ್ಡೆ, ಇನ್ನೊಬ್ಬರು ಕಾಯಿ-ಬೀನ್ಸ್. ಟೆಂಪೋ ಒಂದೇ, ಬುಟ್ಟಿ 450. ನಮ್ಮ ಕಡೆಯಿಂದ ಮೂರು ತಿಂಗಳ ದುಡ್ಡು ಮುಂಗಡ. 30ರಲ್ಲಿ 21 ಮನೆ ಮಾತ್ರ ಒಪ್ಪಿದವು. ಉಳಿದವರ ಮೇಲೆ ನನಗೆ ಸಿಟ್ಟಿಲ್ಲ, ಮೊದಲು ನಾನೂ ಅದನ್ನೇ ಮಾಡಿದ್ದೆನಲ್ಲ.

ನೀವೂ ಇಂಥ ಬುಟ್ಟಿ ತರಿಸ್ತಿದ್ದರೆ ಇಷ್ಟು ಮಾಡಿ: ಬಿಡೋದಿದ್ದರೆ ಒಂದು ಬೆಳೆ ಮುಂಚೆ ಹೇಳಿ. ಈ ವಾರ ನಮ್ಮನೆಗೆ ಮತ್ತೆ ಮೂಲಂಗಿ ಬಂದಿದೆ. ಸಾಂಬಾರ್ ಮಾಡಬೇಕು.